ಪಿಕಪ್ ಗಾಡಿಯ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮ್ಮಲ್ಲಿ ಗುಡಿಗೆ, ಕೆರೆಗೆ, ಛತ್ರಕ್ಕೆ ಸಲ್ಲುತ್ತ ಬಂದದ್ದು. ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿಯನ್ನು ಬಿಟ್ಟ ಸಂಗತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರಿದದ್ದನ್ನು, ಹಳತಾಗಿ ಕುಸಿದದ್ದನ್ನು ಎತ್ತಿ ನಿಲ್ಲಿಸುವುದು ಎಂದು ಅದರ ತಾತ್ಪರ್ಯ. ಗೊಬ್ಬರವನ್ನೂ ಹುಲ್ಲುಹೊರೆಯನ್ನೂ ಹಾಲಿನ ಕ್ಯಾನುಗಳನ್ನೂ ಹೊತ್ತು ಸವೆದ ಪುಟ್ಟ ಲಾರಿಯೊಂದಕ್ಕೂ ಈ ಮಾತು ಅಷ್ಟೇ ಗೌರವದಿಂದ ಸಲ್ಲಬಹುದೆಂಬುದನ್ನು ನಾನು ಕಂಡದ್ದು ಅಮೆರಿಕೆಯಲ್ಲಿ. ನನ್ನ ಹೆಂಡತಿಯ ತಮ್ಮ ಮಿಷಿಗನ್ ಸಂಸ್ಥಾನದಲ್ಲಿ ಎಂಜಿನಿಯರಾಗಿದ್ದಾನೆ. ಕಾಲೇಜಿನ ಬೇಸಗೆಯ ರಜೆಯಲ್ಲಿ ನಾವು ಒಂದೂವರೆ ತಿಂಗಳು ಅವನ ಮನೆಯಲ್ಲಿದ್ದೆವು. ಹಳೆಯ ಪಿಕಪ್ ಗಾಡಿಗಳ ಹುಚ್ಚು ಹಿಡಿದು ಅವನಿಗೆ ಆಗಲೇ ನಾಲ್ಕು ವರ್ಷವಾಗಿತ್ತು. ಹಳಗನ್ನಡದ ಹುಚ್ಚು ಹಿಡಿದವನಿಗೆ ಇನ್ನೊಬ್ಬರ ಹುಚ್ಚನ್ನು ಕಂಡು ನಗುವ ಅಧಿಕಾರವಿಲ್ಲವಷ್ಟೆ. ನಾನೂ ಅವನ ಹಿಂದೆ ಗ್ಯಾರೇಜಿನಿಂದ ಗ್ಯಾರೇಜಿಗೆ, ಹಳೆಯ ಗಾಡಿಗಳ ಸಂತೆಯಿಂದ ಸಂತೆಗೆ ತಿರುಗಿದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತಿತ್ತು: ‘ಇದರ ನಿಜವಾದ ಬೆಲೆ ಎಷ್ಟು?’

ಪಿಕಪ್ಪೆಂದರೆ ಮುಂದೆ ಇಬ್ಬರು ಮೂವರು ಕೂರುವ ಗೂಡು, ಹಿಂದೆ ತೆರೆದ ತೊಟ್ಟಿ. ಕಾರಿಗೂ ಲಾರಿಗೂ ನಡುವಣ ಒಂದು ಜಾತಿ. ಮೊದಮೊದಲು ಅಲ್ಲಿಯ ರೈತರು ಕಾರಿನ ಹಿಂಭಾಗವನ್ನು ಕೊಯ್ದು ತೆಗೆದು, ಆ ಜಾಗದಲ್ಲಿ ಮರದ ಪೆಟ್ಟಿಗೆಯನ್ನು ಕೂರಿಸಿಕೊಳ್ಳುತ್ತಿದ್ದುದುಂಟು. ಫೋರ್ಡ್ ಕಂಪನಿ ಕಾರ್ಖಾನೆಯಲ್ಲಿಯೇ ತೊಟ್ಟಿ ಕೂರಿಸಿದ ಗಾಡಿಯನ್ನು ಮಾರಾಟಕ್ಕೆ ಬಿಟ್ಟದ್ದು ೧೯೨೫ರ ಏಪ್ರಿಲಿನಲ್ಲಿ. ಮಾಡೆಲ್ ಟಿ ಕಾರಿನ ಮೇಲೆ ಕಟ್ಟಿದ ಆ ಪಿಕಪ್ಪಿನ ಬೆಲೆ ೨೮೧ ಡಾಲರು. ಸ್ಟೈನ್‌ಬೆಕ್ಕನ ‘ದಿ ಗ್ರೇಪ್ಸ್ ಆಫ್ ರಾತ್’ (೧೯೩೯) ಕಾದಂಬರಿಯನ್ನು ಓದಿದವರಿಗೆ ಜೋಡ್ ಕುಟುಂಬದ ವಾಹನ ನೆನಪಿರಬಹುದು. ಓಕ್ಲಹೋಮದ ನೆಲವನ್ನು ಕಳೆದುಕೊಂಡು ಕ್ಯಾಲಿಫೋರ್ನಿಯಕ್ಕೆ ಗುಳೆ ಹೊರಟ ಆ ಜನ ಹತ್ತಿದ್ದು ಹಡ್ಸನ್ ಕಾರೊಂದನ್ನು ಕೊಯ್ದು ಮಾಡಿದ ಲಾರಿ. ಹಳೆಯ ಗಾಡಿಗಳ ವ್ಯಾಪಾರಿಗಳು ಸವೆದ ಗೇರುಗಳ ಸದ್ದು ಅಡಗಿಸಲು ಮರದ ಹೊಟ್ಟು ತುಂಬುವ ಚಿತ್ರವೂ ಅದೇ ಕಾದಂಬರಿಯಲ್ಲಿದೆ. ಗಾಡಿಯ ಬೆಲೆ ಅಲ್ಲಿ ಅಲಂಕಾರದ ಪ್ರಶ್ನೆಯಲ್ಲ. ಅದು ಊರು ಮುಟ್ಟಿಸುತ್ತದೆಯೇ, ನಡುದಾರಿಯಲ್ಲಿ ಕೈಬಿಡುತ್ತದೆಯೇ ಎಂಬುದೊಂದೇ ಪ್ರಶ್ನೆ.

ಯುದ್ಧದ ಕಾರಣದಿಂದ ೧೯೪೨ರ ಆರಂಭದಲ್ಲಿ ಜನಸಾಮಾನ್ಯರಿಗಾಗಿ ಮೋಟಾರು ತಯಾರಿಸುವುದು ನಿಂತಿತು. ಹಳೆಯ ಕಬ್ಬಿಣವನ್ನೆಲ್ಲ ತಂದೊಪ್ಪಿಸಿರೆಂದು ಸರ್ಕಾರ ಕರೆಕೊಟ್ಟಿತು. ನಿಂತಲ್ಲೇ ನಿಂತಿದ್ದ ಎಷ್ಟೋ ಗಾಡಿಗಳು ಕುಲುಮೆಯ ಪಾಲಾದವು. ಯುದ್ಧ ಮುಗಿದ ಮೇಲೆ, ೧೯೪೭ರ ಬೇಸಗೆಯಲ್ಲಿ ಷೆವರ್ಲೆಯವರ ಹೊಸ ಲಾರಿ ಬಂದಿತು. ಮರುವರ್ಷ ಫೋರ್ಡಿನವರ ಎಫ್-೧. ಈಗ ಜೀರ್ಣೋದ್ಧಾರಕರು ಹೆಚ್ಚಾಗಿ ಬೆನ್ನು ಹತ್ತುವುದು ಈ ಕಾಲದ ಗಾಡಿಗಳನ್ನೇ. ಷೆವರ್ಲೆಯ ಹೆಸರು ನಮ್ಮ ಹಿರಿಯರಿಗೆ ಹೊಸದಲ್ಲ. ಅದರ ಒಡೆಯರಾದ ಜನರಲ್ ಮೋಟಾರ್ಸಿನವರು ೧೯೨೮ರಿಂದ ೧೯೫೪ರವರೆಗೆ ಬೊಂಬಾಯಿಯಲ್ಲಿಯೂ ಮೋಟಾರುಗಳನ್ನು ಜೋಡಿಸುತ್ತಿದ್ದರು.

ಆ ಷೆವರ್ಲೆ ಪಿಕಪ್ಪಿಗೆ ೩೧೦೦ ಎಂಬ ಅಂಕಿಯೇ ಹೆಸರು. ಗುಂಡನೆಯ ಮಡ್‌ಗಾರ್ಡು, ಮುಖಕ್ಕೆ ಅಡ್ಡಲಾಗಿ ಐದು ಪಟ್ಟಿ, ಉಬ್ಬಿದ ಬಾನೆಟ್ಟು: ಊಟವಾದ ಮೇಲೆ ಜಗಲಿಯಲ್ಲಿ ಕುಳಿತ ಪಟೇಲರ ಹಾಗೆ ತೃಪ್ತವಾಗಿ ಕಾಣುತ್ತದೆ. ಅದರ ಕಾಲನಿರ್ಣಯ ಮಾಡುವ ಬಗೆಯಂತೂ ನನ್ನಂಥವನಿಗೆ ಹಬ್ಬ. ಬಾಗಿಲ ಗಾಜಿನ ಪಕ್ಕದಲ್ಲಿ ಗಾಳಿಗೆಂದು ತೆರೆಯುವ ಪುಟ್ಟ ಕಿಟಕಿ ಇದ್ದರೆ ಅದು ೧೯೫೧ಕ್ಕೆ ಹಿಂದಿನದಲ್ಲ. ಬಾಗಿಲ ಹಿಡಿ ತಿರುಗಿಸುವಂಥದಾಗಿರದೆ ಗುಂಡಿ ಒತ್ತುವಂಥದಾದರೆ ೧೯೫೨ರಿಂದ ಈಚಿನದು. ಮುಂದಿನ ಗಾಜು ಎರಡು ಹೋಳಾಗಿರದೆ ಒಂದೇ ಹಾಳೆಯಾಗಿದ್ದರೆ ೧೯೫೪ಕ್ಕೆ ಬರಬೇಕು. ತಲೆಕಟ್ಟಿನ ಆಕಾರವನ್ನೂ ರಕಾರದ ಬಾಗನ್ನೂ ನೋಡಿ ಶಾಸನದ ಶತಮಾನವನ್ನು ಹೇಳುವ ವಿದ್ವಾಂಸರಿಗೂ, ಬಾಗಿಲ ಹಿಡಿಯನ್ನು ಮುಟ್ಟಿ ವರ್ಷವನ್ನು ಹೇಳುವ ಈ ಜನಕ್ಕೂ ನನಗೆ ಭೇದ ಕಾಣಲಿಲ್ಲ. ಪ್ರಕ್ಷಿಪ್ತಗಳೂ ಇಲ್ಲಿ ಧಾರಾಳವಾಗಿವೆ. ೧೯೪೯ರ ಗೂಡಿಗೆ ೧೯೫೩ರ ಬಾಗಿಲು, ಎಲ್ಲಿಂದಲೋ ತಂದ ಎಂಜಿನ್ನು! ದುಡಿಯುವ ಗಾಡಿಯಲ್ಲವೇ, ಎಂಜಿನ್ನು ಕೆಟ್ಟರೆ ಸಿಕ್ಕಿದ ಎಂಜಿನ್ನನ್ನು ಇಳಿಸಿ ಮರುದಿನ ಹಾಲು ಸಾಗಿಸುತ್ತಿದ್ದರು. ಮುಂದೊಂದು ದಿನ ಯಾರೋ ಬಂದು ಮೂಲದ ಎಂಜಿನ್ನೆಲ್ಲಿ ಎಂದು ಕೇಳುವರೆಂಬ ಶಂಕೆ ಆ ರೈತರಿಗೆ ಕನಸಿನಲ್ಲಿಯೂ ಬಂದಿರಲಾರದು.

ಇನ್ನು ಲೆಕ್ಕಕ್ಕೆ ಬರೋಣ. ಹೊಸದಾಗಿದ್ದಾಗ ಈ ಗಾಡಿಗೆ ಸಾವಿರದಿಂದ ಒಂದೂವರೆ ಸಾವಿರ ಡಾಲರು. ಇಂದು ನೋಡಲು ಅಚ್ಚುಕಟ್ಟಾಗಿದ್ದು ತೊಂದರೆಕೊಡದೆ ಓಡುವಂಥದು ಸುಮಾರು ಇಪ್ಪತ್ತರಿಂದ ಮೂವತ್ತು ಸಾವಿರ ಡಾಲರಿಗೆ ಬಿಕರಿಯಾಗುತ್ತದೆ. ಕೂದಲೆಳೆಯಷ್ಟೂ ಕುಂದಿಲ್ಲದ್ದು ಅದರ ಇಮ್ಮಡಿಗೆ ಹೋಗುವುದೂ ಉಂಟು. ಗೂಡಿನ ಹಿಂಬದಿಯ ಮೂಲೆಗಳಲ್ಲಿ ಬಾಗಿದ ಗಾಜಿನ ಎರಡು ಪುಟ್ಟ ಕಿಟಕಿಗಳಿದ್ದರೆ ಅಷ್ಟಕ್ಕೇ ಬೆಲೆ ಸಾವಿರಗಟ್ಟಲೆ ಏರುತ್ತದೆ. ಇದನ್ನು ಕೇಳಿ ಯಾರಿಗಾದರೂ ಬಾಯಲ್ಲಿ ನೀರೂರಬಹುದು. ಆದರೆ ಗಾಡಿಯನ್ನು ಪೂರ್ತಿ ಬಿಚ್ಚಿ, ದೇಹವನ್ನು ಚಾಸಿಸ್ಸಿನಿಂದ ಎತ್ತಿ, ತಗಡನ್ನು ಬೆತ್ತಲೆಯಾಗಿಸಿ, ತುಕ್ಕು ತಿಂದಲ್ಲಿ ಹೊಸ ತಗಡು ಬೆಸೆದು, ಮತ್ತೆ ಕೂಡಿಸುವುದಕ್ಕೆ ಒಂದು ಸಾವಿರ ಗಂಟೆಯ ಕೆಲಸವೆಂದು ಆ ಕಸುಬಿನವರ ಅಂದಾಜು. ಗಂಟೆಗೆ ನೂರು ಡಾಲರೆಂದು ಹಿಡಿದರೂ ಕೂಲಿಯೇ ಒಂದು ಲಕ್ಷವಾಯಿತು. ಬಣ್ಣ, ಟೈರು, ಬಿಡಿಭಾಗಗಳ ಖರ್ಚು ಬೇರೆ. ಒಂದು ಲಕ್ಷದ ಮೇಲೆ ಸುರಿದು ಐವತ್ತು ಸಾವಿರಕ್ಕೆ ಮಾರುವ ವ್ಯಾಪಾರವನ್ನು ಯಾವ ಶೆಟ್ಟರೂ ಒಪ್ಪಲಾರರು. ಹೀಗಾಗಿ ಲಾಭವನ್ನು ನೆನೆದು ಈ ಕೆಲಸಕ್ಕೆ ಕೈ ಹಾಕುವವರು ಬೇಗನೆ ಕೈ ತೊಳೆದುಕೊಳ್ಳುತ್ತಾರೆ. ಅರ್ಧಕ್ಕೆ ನಿಂತು, ಬಿಚ್ಚಿದ ಭಾಗಗಳು ಡಬ್ಬಗಳಲ್ಲಿ ಬಿದ್ದಿರುವ ಗಾಡಿಗಳನ್ನು ಸಂತೆಯಲ್ಲಿ ನಾನು ಎಷ್ಟೋ ಕಂಡೆ. ಅವುಗಳ ಒಡೆಯರ ಮುಖವನ್ನು ನೋಡಲಾಗುತ್ತಿರಲಿಲ್ಲ. ಕಡೆಮುಟ್ಟ ನಡೆಸುವವರು ತಮ್ಮ ಸಂಜೆಗಳಿಗೆ ಬೆಲೆ ಕಟ್ಟದವರು.

ಹಾಗಾದರೆ ಸಂತೆಯಲ್ಲಿ ಬೆಲೆ ಗೊತ್ತಾಗುವ ಕ್ರಮವೇನು? ಮಿಷಿಗನ್ನಿನ ಟ್ರಾವರ್ಸ್ ಸಿಟಿಯಲ್ಲಿ ಹ್ಯಾಗರ್ಟಿ ಎಂಬ ಸಂಸ್ಥೆಯಿದೆ. ೧೯೮೪ರಲ್ಲಿ ಮರದ ದೋಣಿಗಳ ವಿಮೆಯಿಂದ ಆರಂಭಿಸಿ, ಮುಂದೆ ಹಳೆಯ ಮೋಟಾರುಗಳ ವಿಮೆಗೆ ಬಂದವರು. ಅವರು ಗಾಡಿಗಳನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿ ಒಂದೊಂದಕ್ಕೂ ಬೆಲೆಯನ್ನು ಪ್ರಕಟಿಸುತ್ತಾರೆ. ಒಂದನೆಯದು ಪ್ರದರ್ಶನದಲ್ಲಿ ಬಹುಮಾನ ಪಡೆಯುವಂಥದು. ನಾಲ್ಕನೆಯದು ಓಡುತ್ತದೆ, ಆದರೆ ಹತ್ತಿರ ಹೋದರೆ ಕುಂದುಗಳು ಕಣ್ಣಿಗೆ ಬೀಳುತ್ತವೆ. ಇದರಲ್ಲಿ ವಿನೋದವಾದ ಸಂಗತಿಯೆಂದರೆ, ಒಂದನೆಯ ತರಗತಿಗೆ ಏರಿದ ಪಿಕಪ್ಪು ಮತ್ತೆಂದೂ ಒಂದು ಮೂಟೆಯನ್ನು ಹೊರುವಂತಿಲ್ಲ. ಹೊತ್ತರೆ ಗೀರು ಬೀಳುತ್ತದೆ. ಗೀರು ಬಿದ್ದರೆ ಎರಡನೆಯ ತರಗತಿ. ಹೊರುವುದಕ್ಕಾಗಿಯೇ ಹುಟ್ಟಿದ ವಸ್ತು ಹೊರದಿದ್ದರೆ ಮಾತ್ರ ಬೆಲೆ! ಮಳೆಗೆ ತೆಗೆಯದೆ, ಧೂಳಿಗೆ ಒಡ್ಡದೆ, ಪ್ರದರ್ಶನಕ್ಕೂ ಇನ್ನೊಂದು ಲಾರಿಯ ಮೇಲೆ ಕೂರಿಸಿಕೊಂಡು ಬಂದ ಪಿಕಪ್ಪೊಂದನ್ನು ನಾನು ನೋಡಿದೆ. ಲಾರಿಯನ್ನು ಲಾರಿ ಹೊತ್ತು ತಂದಿತ್ತು.

ಅಂಥ ಗಾಡಿಗಳ ತೊಟ್ಟಿಯನ್ನು ಇಣಿಕಿ ನೋಡಿದರೆ ಕಣ್ಣು ಕೋರೈಸುತ್ತದೆ. ತೊಟ್ಟಿಯ ನೆಲ ಮರದ ಹಲಗೆಗಳದು. ಈಗಿನವರು ಅದಕ್ಕೆ ಓಕ್ ಮರವನ್ನು ತಂದು, ಉಜ್ಜಿ ನಯಗೊಳಿಸಿ, ಮೆರುಗೆಣ್ಣೆಯ ಮೇಲೆ ಮೆರುಗೆಣ್ಣೆ ಬಳಿದು ಊಟದ ಮೇಜಿನಂತೆ ಹೊಳೆಯಿಸುತ್ತಾರೆ. ಕಾರ್ಖಾನೆಯಿಂದ ಬಂದಾಗ ಅಲ್ಲಿ ಇದ್ದದ್ದು ಬಣ್ಣ ಬಳಿದ ಸಾಮಾನ್ಯ ಪೈನ್ ಹಲಗೆ. ಇದನ್ನು ಕೇಳಿದಾಗ ನನಗೆ ನಮ್ಮ ಕೆಲವು ಲಿಪಿಕಾರರ ನೆನಪಾಯಿತು. ಕವಿಯ ಮಾತು ತಮಗೆ ಒರಟೆಂದು ತೋರಿದಲ್ಲಿ ನಯಮಾಡಿದವರು, ಛಂದಸ್ಸು ಸರಿಯಿದ್ದರೂ ಇನ್ನಷ್ಟು ಸರಿಮಾಡಿದವರು! ಅವರ ಉದ್ದೇಶ ಕೆಟ್ಟದ್ದಲ್ಲ, ಭಕ್ತಿಯೇ. ಆದರೆ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗೆ ಗೊತ್ತು, ಸಂಪಾದಕನಿಗೆ ಅಜ್ಞ ಲಿಪಿಕಾರನಿಗಿಂತ ಜಾಣ ಲಿಪಿಕಾರನೇ ಹೆಚ್ಚು ತೊಡಕು. ಅಜ್ಞನ ತಪ್ಪು ತಪ್ಪಾಗಿಯೇ ಕಾಣುತ್ತದೆ. ಜಾಣನ ತಿದ್ದುಪಡಿ ಮೂಲದ ವೇಷ ಹಾಕಿಕೊಂಡು ಕುಳಿತಿರುತ್ತದೆ.

ವೇಷವನ್ನು ಬಯಲುಮಾಡಲು ನನ್ನ ಭಾವಮೈದುನನ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತದೆ. ಮಿಷಿಗನ್ನಿನಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ಗಾಡಿಯ ಕೆಳಗಂಚನ್ನೂ ಗೂಡಿನ ಮೂಲೆಗಳನ್ನೂ ತಿಂದುಹಾಕುತ್ತದೆ. ಅರಿಜೋನದಂಥ ಒಣ ಸೀಮೆಯಲ್ಲಿ ಬಾಳಿದ ಗಾಡಿಗೆ ಹೆಚ್ಚು ಬೆಲೆ ಬರುವುದು ಇದರಿಂದಲೇ. ತಿಂದ ಜಾಗವನ್ನು ಕತ್ತರಿಸಿ ತಗಡು ಬೆಸೆಯುವುದು ಕಷ್ಟದ ಕೆಲಸ. ಪುಟ್ಟಿ ಮೆತ್ತಿ ಉಜ್ಜಿ ಬಣ್ಣ ಹೊಡೆಯುವುದು ಸುಲಭ. ಬಣ್ಣ ಒಣಗಿದ ಮೇಲೆ ಎರಡೂ ಒಂದೇ. ಅಯಸ್ಕಾಂತ ಮಾತ್ರ ತಗಡಿಗೆ ಕಚ್ಚುತ್ತದೆ, ದಪ್ಪ ಪುಟ್ಟಿಯ ಮೇಲಿಂದ ಜಾರಿ ಬೀಳುತ್ತದೆ. ಥಳಥಳಿಸುವ ಕೆಂಪು ಗಾಡಿಯೊಂದರ ಬಾಗಿಲ ಕೆಳಗೆ ಅದು ನಾಲ್ಕು ಸಲ ಕೆಳಕ್ಕೆ ಬಿದ್ದದ್ದನ್ನೂ, ಮಾರುವವನು ನಾಲ್ಕು ಸಲವೂ ಆಕಾಶವನ್ನು ನೋಡಿದ್ದನ್ನೂ ನಾನು ಕಂಡಿದ್ದೇನೆ.

ಇನ್ನೊಂದು ಪಂಥವಿದೆ. ಅವರು ಹಳೆಯ ದೇಹದೊಳಗೆ ಹೊಸ ಎಂಜಿನ್ನು, ಹೊಸ ಬ್ರೇಕು, ತಂಪುಯಂತ್ರ ಎಲ್ಲವನ್ನೂ ಕೂರಿಸುತ್ತಾರೆ. ಇದಕ್ಕೆ ರೆಸ್ಟೋಮಾಡ್ ಎಂದು ಹೆಸರು. ದೊಡ್ಡ ಹರಾಜುಗಳಲ್ಲಿ ಇಂಥವು ಒಂದು ಲಕ್ಷ ಡಾಲರನ್ನೂ ಮೀರಿ ಹೋಗುತ್ತವೆ, ಮೂಲದಂತೆಯೇ ಉಳಿಸಿಕೊಂಡ ಗಾಡಿಗಿಂತ ಎಷ್ಟೋ ಹೆಚ್ಚು. ಇದನ್ನು ನಾನು ಹಳಿಯುವುದಿಲ್ಲ. ಸೊಂಟಕ್ಕೆ ಪಟ್ಟಿಯಿಲ್ಲದ, ತುಳಿದ ಮೇಲೆ ಯೋಚಿಸಿ ನಿಲ್ಲುವ ಬ್ರೇಕಿನ ಗಾಡಿಯಲ್ಲಿ ಅಲ್ಲಿನ ಹೆದ್ದಾರಿಗೆ ಇಳಿಯುವ ಧೈರ್ಯ ನನಗೂ ಇಲ್ಲ. ಆದರೆ ಅದನ್ನು ರೂಪಾಂತರವೆಂದು ಕರೆಯಬೇಕೇ ಹೊರತು ಜೀರ್ಣೋದ್ಧಾರವೆಂದಲ್ಲ. ನಮ್ಮ ದೇಶದಲ್ಲಿ ಪುರಾತನ ಮೋಟಾರುಗಳ ನೋಂದಣಿಗಾಗಿ ೨೦೨೧ರಲ್ಲಿ ಮಾಡಿದ ನಿಯಮ ಈ ವಿಷಯದಲ್ಲಿ ನಿಷ್ಠುರವಾಗಿದೆ: ಗಾಡಿಗೆ ಐವತ್ತು ವರ್ಷ ಮೀರಿರಬೇಕು, ಮೂಲರೂಪದಲ್ಲಿರಬೇಕು, ಚಾಸಿಸ್ಸಿನಲ್ಲಾಗಲಿ ದೇಹದಲ್ಲಾಗಲಿ ಎಂಜಿನ್ನಿನಲ್ಲಾಗಲಿ ಹೆಚ್ಚಿನ ಮಾರ್ಪಾಡು ಆಗಿರಬಾರದು. ಸರ್ಕಾರದ ಕಡತವೊಂದು ಪಾಠಶುದ್ಧಿಯ ಪಕ್ಷವನ್ನು ವಹಿಸಿದ್ದು ನನಗೆ ಸಂತೋಷವನ್ನೇ ತಂದಿತು.

ಮೇಲೆ ಹೆಸರಿಸಿದ ಸ್ಟೈನ್‌ಬೆಕ್ಕನೇ ೧೯೬೦ರಲ್ಲಿ ಜಿ.ಎಂ.ಸಿ. ಪಿಕಪ್ಪೊಂದರ ಮೇಲೆ ಪುಟ್ಟ ಮನೆಯನ್ನು ಕಟ್ಟಿಸಿಕೊಂಡು, ನಾಯಿಯೊಂದನ್ನು ಜೊತೆಗಿಟ್ಟುಕೊಂಡು ದೇಶವನ್ನು ಸುತ್ತಿಬಂದು ಪ್ರವಾಸಕಥನವನ್ನು ಬರೆದ. ಗಾಡಿಗೆ ಅವನು ಇಟ್ಟ ಹೆಸರು ರೊಸಿನಾಂಟೆ, ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರು. ಆ ಗಾಡಿ ಕ್ಯಾಲಿಫೋರ್ನಿಯದ ಸಲೀನಾಸ್ ಊರಿನಲ್ಲಿ ಅವನ ಹೆಸರಿನ ಸಂಗ್ರಹಾಲಯದಲ್ಲಿದೆ. ಅದೇ ವರ್ಷ ಅದೇ ಕಾರ್ಖಾನೆಯ ಬಾಗಿಲು ದಾಟಿದ ಇನ್ನೊಂದು ಪಿಕಪ್ಪಿಗೂ ಅದಕ್ಕೂ ತಗಡಿನಲ್ಲಿ ಭೇದವಿಲ್ಲ. ಭೇದವಿರುವುದು ಓಡಿಸಿದ ಕೈಯಲ್ಲಿ. ಆ ಕೈ ಪ್ರಸಿದ್ಧ ಕಾದಂಬರಿಕಾರನದಾದರೆ ವಿಷಯ ಸುಲಭವಾಯಿತು. ಹೆಸರಿಲ್ಲದ ರೈತನದಾದರೆ?

ಒಂದು ಭಾನುವಾರ ನನ್ನ ಭಾವಮೈದುನ, ‘ಭಾವ, ಒಂದು ಗಾಡಿ ನೋಡಿಕೊಂಡು ಬರೋಣ, ಬನ್ನಿ’ ಎಂದು ಕರೆದ. ಎರಡು ಗಂಟೆಯ ದಾರಿ. ಜೋಳದ ಹೊಲಗಳ ನಡುವೆ ಒಂಟಿ ಮನೆ. ಹಿಂದೆ ಒಂದು ದೊಡ್ಡ ಕೊಟ್ಟಿಗೆ. ಎಂಬತ್ತು ದಾಟಿದ ಹೆಂಗಸು ಕೋಲೂರಿಕೊಂಡು ಬಂದು ಬಾಗಿಲು ಸರಿಸಿದಳು. ಒಳಗೆ ೧೯೫೧ರ ಷೆವರ್ಲೆ, ಹಸಿರು ಬಣ್ಣ ಮಾಸಿ ಬೂದಿಗೆ ತಿರುಗಿದ್ದು. ಆಕೆಯ ಮಾವ ಹೊಸದಾಗಿ ಕೊಂಡದ್ದಂತೆ. ಗಂಡ ಕೊನೆಯತನಕ ಓಡಿಸಿದ್ದ. ಅವನು ತೀರಿ ಎರಡು ಚಳಿಗಾಲ ಕಳೆದಿತ್ತು. ಮಕ್ಕಳು ಪಟ್ಟಣದಲ್ಲಿದ್ದರು, ಜಮೀನು ಮಾರಾಟಕ್ಕಿತ್ತು. ಗಾಡಿಯ ಬಾಗಿಲ ಮೇಲೆ ಮನೆತನದ ಹೆಸರು, ಊರು, ನಾಲ್ಕೇ ಅಂಕಿಗಳ ಟೆಲಿಫೋನ್ ಸಂಖ್ಯೆ, ಬಿಳಿಯ ಬಣ್ಣದಲ್ಲಿ ಕುಂಚದಿಂದ ಬರೆದದ್ದು. ಎರಡನೆಯ ಸಾಲು ಸ್ವಲ್ಪ ಇಳಿಜಾರಾಗಿತ್ತು. ‘ಅದು ನನ್ನ ಗಂಡನ ಕೈಬರಹ, ಆಗ ಅವರಿಗೆ ಹದಿನೇಳು ವರ್ಷ’ ಎಂದಳು. ಒಂಬತ್ತು ಸಾವಿರ ಡಾಲರು ಎಂದು ಹೇಳಿದಳು. ಹಿಂದಿನ ದಿನ ಬಂದ ವ್ಯಾಪಾರಿಯೊಬ್ಬ ಏಳಕ್ಕೆ ಕೇಳಿ ಹೋಗಿದ್ದನಂತೆ.

ಭಾವಮೈದುನ ಒಂದು ಗಂಟೆ ನೋಡಿದ. ಅಯಸ್ಕಾಂತ ಎಲ್ಲೆಡೆಯೂ ಕಚ್ಚಿತು. ತೊಟ್ಟಿಯ ಹಲಗೆ ಮೂಲದ್ದೇ. ಸವೆದು ಹಳ್ಳಬಿದ್ದಿದ್ದರೂ ಮೂಲೆಗಳಲ್ಲಿ ಕಪ್ಪು ಬಣ್ಣ ಉಳಿದಿತ್ತು. ಎಂಜಿನ್ನು ಮಾತ್ರ ಓಡುತ್ತಿರಲಿಲ್ಲ. ಅವನು ನನ್ನ ಹತ್ತಿರ ಬಂದು ಕನ್ನಡದಲ್ಲಿ, ‘ಭಾವ, ಇದು ಹದಿಮೂರು ಸಾವಿರಕ್ಕೆ ಕಡಿಮೆಯಿಲ್ಲ. ಅಜ್ಜಿಗೆ ಗೊತ್ತಿಲ್ಲ’ ಎಂದ.

‘ಹೇಳುತ್ತೀಯಾ?’

‘ಹೇಳಿದರೆ ನನಗೆ ದಕ್ಕುವುದಿಲ್ಲ. ನನ್ನ ಕೈಯಲ್ಲಿರುವುದೇ ಒಂಬತ್ತು.’

ನಾನು ಸುಮ್ಮನಿದ್ದೆ. ಅದು ಅವನ ಹಣ, ಅವನ ಆಸೆ. ಗಾಡಿಯ ಸುತ್ತ ಇನ್ನೊಂದು ಸುತ್ತು ಬಂದ. ಬಾಗಿಲ ಮುಂದೆ ನಿಂತ. ಆಮೇಲೆ ಆಕೆಯ ಬಳಿಗೆ ಹೋಗಿ, ಹಲಗೆಯನ್ನೂ ಗೂಡಿನ ಮೂಲೆಗಳನ್ನೂ ತೋರಿಸಿ, ಇದ್ದುದನ್ನು ಇದ್ದಂತೆ ಹೇಳಿಬಿಟ್ಟ. ಆಕೆ ಅವನನ್ನೇ ಸ್ವಲ್ಪ ಹೊತ್ತು ನೋಡಿ, ಬಾಗಿಲ ಅಕ್ಷರಗಳನ್ನು ಉಜ್ಜಿಹಾಕುವೆಯಾ ಎಂದು ಮಾತ್ರ ಕೇಳಿದಳು. ಇಲ್ಲವೆಂದ. ಮಗನನ್ನು ಕೇಳಿ ತಿಳಿಸುತ್ತೇನೆಂದಳು. ಬರಿಗೈಯಲ್ಲಿ ಹಿಂದಿರುಗಿದೆವು. ದಾರಿಯುದ್ದಕ್ಕೂ ಅವನು ಮಾತಾಡಲಿಲ್ಲ. ಮನೆಯಲ್ಲಿ ಸಂಗತಿಯನ್ನು ಕೇಳಿದ ನನ್ನ ಹೆಂಡತಿ, ‘ಹರಿಶ್ಚಂದ್ರನ ವಂಶ!’ ಎಂದಳು, ಮೆಚ್ಚಿಕೆಯೋ ಹಾಸ್ಯವೋ ತಿಳಿಯಲಿಲ್ಲ. ಹತ್ತು ದಿನದ ಮೇಲೆ ಮಗನಿಂದ ಕರೆ ಬಂದಿತು. ಮಗ ತಾಯಿಯಷ್ಟು ಮೆತ್ತಗಿರಲಿಲ್ಲ. ಹನ್ನೊಂದೂವರೆ ಸಾವಿರಕ್ಕೆ ನಿಂತ. ಎರಡೂವರೆ ಸಾವಿರ ಸಾಲಮಾಡಿ ಭಾವಮೈದುನ ಗಾಡಿಯನ್ನು ತಂದ.

ಆಮೇಲೆ ಅವನು ಮಾಡಿದ್ದನ್ನು ನಾನು ಸಂಪಾದನೆಯೆಂದೇ ಕರೆಯುತ್ತೇನೆ. ಎಂಜಿನ್ನನ್ನು ಬಿಚ್ಚಿ ಸರಿಪಡಿಸಿದ, ಬ್ರೇಕನ್ನೂ ವಿದ್ಯುತ್ ತಂತಿಗಳನ್ನೂ ಬದಲಾಯಿಸಿದ, ಪೆಟ್ರೋಲು ತೊಟ್ಟಿಯನ್ನು ತೊಳೆಸಿದ. ಬಣ್ಣವನ್ನು ಮುಟ್ಟಲಿಲ್ಲ. ತೆಗೆದ ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟ. ಯಾವುದನ್ನು, ಎಂದು, ಏಕೆ ಬದಲಾಯಿಸಿದೆನೆಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟ. ಪುಟದ ಅಡಿಯಲ್ಲಿ ಪಾಠಾಂತರಗಳನ್ನು ಕೊಟ್ಟ ಗ್ರಂಥ ಬರಿಯ ಮೂಲವನ್ನು ಅಚ್ಚುಹಾಕಿದ ಗ್ರಂಥಕ್ಕಿಂತ ನಂಬಿಕೆಗೆ ಅರ್ಹವಾಗುವುದು ಹೀಗೆಯೇ. ಆ ನೋಟುಪುಸ್ತಕವಿದ್ದರೆ ಕೊಳ್ಳುವವರು ಹೆಚ್ಚು ಕೊಡುತ್ತಾರೆಂದು ಅವನ ಸ್ನೇಹಿತರೂ ಹೇಳುತ್ತಾರೆ. ಎಷ್ಟು ಹೆಚ್ಚು ಎಂಬುದು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವನಿಗೆ ಒಟ್ಟು ಬಿದ್ದ ಖರ್ಚು ಇಪ್ಪತ್ತೆರಡು ಸಾವಿರದ ಹತ್ತಿರ; ವಿಮೆಯವರು ಕಟ್ಟಿದ ಬೆಲೆ ಹದಿನಾರು. ತಾನು ದುಡಿದ ಸಂಜೆಗಳನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಈಗ ಅದು ಶನಿವಾರಗಳಲ್ಲಿ ತೋಟಕ್ಕೆ ಗೊಬ್ಬರವನ್ನೂ ಚಳಿಗಾಲಕ್ಕೆ ಸೌದೆಯನ್ನೂ ಹೊರುತ್ತಿದೆ. ಬಾಗಿಲ ಮೇಲಿನ ಅಕ್ಷರಗಳಲ್ಲಿ ಎರಡು ಉದುರತೊಡಗಿವೆಯೆಂದೂ, ಮೇಲೆ ತೆಳುವಾಗಿ ಮೆರುಗೆಣ್ಣೆ ಬಳಿಯಬಹುದೇ ಹಾಗೆಯೇ ಬಿಡಬೇಕೇ ಎಂದೂ ಕೇಳಿ ಕಳೆದ ವಾರ ಬರೆದಿದ್ದಾನೆ. ಬಳಿಯಬಹುದೆಂದು ಉತ್ತರ ಬರೆದೆ. ಉದುರಿದ ಅಕ್ಷರಗಳನ್ನು ತಿದ್ದಿ ಬರೆಯುವುದು ಬೇಡ, ಎರಡನೆಯ ಸಾಲಿನ ಇಳಿಜಾರನ್ನಂತೂ ಮುಟ್ಟಲೇಬೇಡ ಎಂದೂ ಸೇರಿಸಿದೆ.